ಡಬ್ಬಿಯ ಮೇಲಿನ ಚೀಟಿ

ಗೋಡೆ ಅರ್ಧ ಮುಗಿದಾಗ ಬಣ್ಣ ತೀರಿತು ಎನ್ನಿ. ಪೇಂಟರ್ ಕಣ್ಣಳತೆಯಲ್ಲಿ ಸ್ಟೇನರ್ ಬೆರೆಸಿದ್ದರೆ ಅದೇ ಛಾಯೆ ಮತ್ತೆ ಸಿಗುವುದು ಕಷ್ಟ. ಅಂಗಡಿಯ ಯಂತ್ರ ಬೆರೆಸಿದ್ದರೆ ಡಬ್ಬಿಯ ಮೇಲಿನ ಚೀಟಿಯನ್ನು ನೋಡಿರಿ. ಬೇಸ್ ಯಾವುದು, ಯಾವ ವರ್ಣ ಎಷ್ಟು ಮಿಲಿಲೀಟರ್ ಎಂಬುದು ಸಾಮಾನ್ಯವಾಗಿ ಅದರಲ್ಲಿರುತ್ತದೆ. 1 ಲೀಟರಿಗೆ ಹಳದಿ 6, ಕಪ್ಪು 0.5 ಎಂದಿದ್ದರೆ 4 ಲೀಟರಿಗೆ 24 ಮತ್ತು 2. ನಿಮ್ಮ ಶಾಲೆಯ ಅನುಪಾತವೇ!

ಎಡವುವುದು ಬೇಸ್‌ನಲ್ಲಿ. ತಿಳಿಬಣ್ಣದ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹೆಚ್ಚು. ಗಾಢಬಣ್ಣದ ಬೇಸ್‌ನಲ್ಲಿ ಬಲು ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಅದೇ ಸೂತ್ರ ಬೇರೆ ಬೇಸ್‌ಗೆ ಬಿದ್ದರೆ ಬಣ್ಣವೇ ಬೇರೆ. ಅಂಗಡಿಗೆ ಚೀಟಿಯನ್ನೇ ಒಯ್ಯಿರಿ. ಹೊಸ ಬಣ್ಣವನ್ನು ಒಂದು ಮೂಲೆಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಳೆಯದರೊಂದಿಗೆ ಹೋಲಿಸಿರಿ. ಹಸಿಯಿದ್ದಾಗ ಛಾಯೆ ಬೇರೆಯಾಗಿ ಕಾಣುತ್ತದೆ.