ಡಿಸ್ಕು ಕೆಟ್ಟರೂ ಲೆಕ್ಕ ಕೆಡದು

ಬ್ಯಾಂಕಿನ ಲೆಕ್ಕಪತ್ರಗಳನ್ನು ಹೊತ್ತು ಹಗಲಿರುಳೂ ತಿರುಗುವ ಡಿಸ್ಕು ಒಂದಲ್ಲ ಒಂದು ದಿನ ಕೆಡುವುದು ನಿಶ್ಚಯ. ಆಗ ಅದರೊಳಗಿನ ಮಾಹಿತಿಯ ಗತಿಯೇನು?

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಇದಕ್ಕೆ ಮಾರ್ಗವೊಂದನ್ನು ವಿವರಿಸಿದರು: ದುಬಾರಿಯಾದ ಒಂದೇ ಡಿಸ್ಕಿಗೆ ಬದಲಾಗಿ ಅಗ್ಗದ ಹಲವನ್ನು ಜೋಡಿಸಿ, ರಕ್ಷಣೆಗೆಂದು ಕೆಲವನ್ನು ಹೆಚ್ಚಾಗಿ ಇಡುವುದು. ಇದೇ ‘ರೇಡ್’ ಪದ್ಧತಿ.

ಇದರ ಗುಟ್ಟು ಸರಳವಾದ ಗಣಿತ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಇವೆಯೆನ್ನೋಣ. ಒಂದುಗಳ ಒಟ್ಟು ಸಂಖ್ಯೆ ಸಮವಾಗಿರುವಂತೆ ನಾಲ್ಕನೆಯದರಲ್ಲಿ 0 ಬರೆಯುತ್ತೇವೆ. ಮೊದಲನೆಯದು ಕೆಟ್ಟರೆ ಉಳಿಯುವುವು 0, 1, 0. ಒಂದುಗಳ ಸಂಖ್ಯೆ ಬೆಸವಾದುದರಿಂದ ನಷ್ಟವಾದ ಅಂಕ 1 ಎಂದು ತಿಳಿಯುತ್ತದೆ. ಹೀಗೆ ಒಂದೊಂದೇ ಅಂಕವನ್ನು ಮರಳಿ ಪಡೆದು ಹೊಸ ಡಿಸ್ಕಿನಲ್ಲಿ ಬರೆಯಬಹುದು.

ಡಿಸ್ಕು ದೊಡ್ಡದಾದಷ್ಟೂ ಈ ಪುನರ್ಲೇಖನಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಆ ನಡುವೆ ಇನ್ನೊಂದೂ ಕೆಟ್ಟರೆ ಮೇಲಿನ ಲೆಕ್ಕ ಸೋಲುತ್ತದೆ. ಆದುದರಿಂದಲೇ ಅನೇಕ ದೊಡ್ಡ ಸಂಸ್ಥೆಗಳು ಬೇರೊಂದು ಸಮೀಕರಣದ ಎರಡನೆಯ ರಕ್ಷಣಾಂಕವನ್ನೂ ಇರಿಸುತ್ತವೆ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕೆಂಬುದನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ!

ಬೆಂಕಿಗಾಗಲಿ, ಕೈತಪ್ಪಿ ಅಳಿಸಿದುದಕ್ಕಾಗಲಿ ಇದು ಮದ್ದಲ್ಲ. ಬೇರೆಡೆಯಲ್ಲಿ ಪ್ರತಿಯೊಂದು ಇರಲೇಬೇಕು.