ಬಿಗಿತ ಬಿಡಿಸುವ ವಿದ್ಯೆ

ಆತಂಕದಲ್ಲಿರುವವರಿಗೆ ಮನೆಯವರಿಂದಲೂ ಗೆಳೆಯರಿಂದಲೂ ಸಿಗುವ ಮೊದಲ ಸಲಹೆ ‘ಟೆನ್ಷನ್ ಮಾಡಿಕೊಳ್ಳಬೇಡ’ ಎಂಬುದು. ಅದನ್ನು ಮಾಡಿಕೊಳ್ಳದೆ ಇರುವುದು ಹೇಗೆಂಬುದನ್ನು ಮಾತ್ರ ಸಲಹೆ ಕೊಟ್ಟವರು ಹೇಳುವುದಿಲ್ಲ, ಬಹುಮಟ್ಟಿಗೆ ಅವರಿಗೂ ಅದು ಗೊತ್ತಿರುವುದಿಲ್ಲ. ಮನಸ್ಸಿಗೆ ಅಪ್ಪಣೆ ಕೊಟ್ಟು ಅದನ್ನು ಸುಮ್ಮನಾಗಿಸುವುದು ಆಗದ ಮಾತಾದ್ದರಿಂದ, ಕಳೆದ ನೂರು ವರ್ಷಗಳಲ್ಲಿ ಮನೋವೈದ್ಯರೂ ಶರೀರವಿಜ್ಞಾನಿಗಳೂ ದೇಹದ ಮೂಲಕ ಮನಸ್ಸನ್ನು ತಲುಪುವ ದಾರಿಯನ್ನು ಹುಡುಕಿ ಪರೀಕ್ಷಿಸಿದ್ದಾರೆ. ಸ್ನಾಯುಗಳನ್ನು ಸಡಿಲಿಸುವುದು, ಉಸಿರನ್ನು ನಿಧಾನಗೊಳಿಸುವುದು ಮೊದಲಾದ ಈ ವಿಧಾನಗಳು ನೋಡಲು ತೀರ ಸರಳವಾಗಿರುವುದರಿಂದಲೇ ಎರಡು ದಿನ ಮಾಡಿ ಬಿಟ್ಟುಬಿಡುವವರು ಹೆಚ್ಚು. ಹೊಳೆಗೆ ಬಿದ್ದ ಮೇಲೆ ಈಜು ಕಲಿಯಲಾಗದಂತೆ, ಗಾಬರಿ ಏರಿದ ಗಳಿಗೆಯಲ್ಲಿ ಇವನ್ನು ಕಲಿಯಲಾಗದು. ನೆಮ್ಮದಿಯ ದಿನಗಳಲ್ಲಿ ಮೈಗೆ ರೂಢಿಯಾದದ್ದು ಮಾತ್ರ ಕಷ್ಟದ ದಿನ ಕೈಹಿಡಿಯುತ್ತದೆ.

ಆತಂಕವು ಮನಸ್ಸಿನಲ್ಲಿ ಮಾತ್ರ ನಡೆಯುವ ವ್ಯಾಪಾರವಲ್ಲ. ಭಯ, ಹಸಿವು, ನೋವು, ಸಿಟ್ಟುಗಳು ದೇಹದಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಕುರಿತು ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥವು, ಅಪಾಯ ಎದುರಾದಾಗ ಪ್ರಾಣಿಯ ದೇಹ ‘ಕಾದಾಡು, ಇಲ್ಲವೇ ಓಡು’ ಎಂಬ ಸಿದ್ಧತೆಗೆ ಹೇಗೆ ಬರುತ್ತದೆ ಎಂಬುದನ್ನು ವಿವರಿಸಿತು. ನಮ್ಮ ಇಚ್ಛೆಯನ್ನು ಕೇಳದೆ ಹೃದಯ, ಜಠರ, ಬೆವರಿನ ಗ್ರಂಥಿಗಳನ್ನು ನಡೆಸುವ ಸ್ವಾಯತ್ತ ನರಮಂಡಲದಲ್ಲಿ ಎರಡು ಕವಲುಗಳಿದ್ದು, ಅವುಗಳಲ್ಲಿ ಅನುವೇದಕ ಎಂಬ ಕವಲು ಈ ಸಿದ್ಧತೆಯನ್ನು ನಡೆಸಿದರೆ, ಪರಾನುವೇದಕ ಎಂಬ ಇನ್ನೊಂದು ಕವಲು ವಿಶ್ರಾಂತಿ ಮತ್ತು ಜೀರ್ಣಕ್ರಿಯೆಗಳನ್ನು ನೋಡಿಕೊಳ್ಳುತ್ತದೆ. ಅನುವೇದಕದ ಕೈ ಮೇಲಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ, ಎದೆ ಡವಗುಟ್ಟಿ, ಉಸಿರು ಚುರುಕಾಗಿ, ಬಾಯಿ ಒಣಗಿ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಕಂಡವನು ಓಡಿ ಮರ ಹತ್ತಿದರೆ ಈ ಸಿದ್ಧತೆಯ ಉಪಯೋಗ ಅಲ್ಲಿಗೆ ಮುಗಿಯುತ್ತದೆ. ಆದರೆ ಬ್ಯಾಂಕಿನ ಸಾಲದ ಕಂತು, ಮಗಳ ಪರೀಕ್ಷೆಯ ಫಲಿತಾಂಶ, ಸ್ಕ್ಯಾನಿಂಗ್ ವರದಿಗಾಗಿ ಕಾಯುವ ಸಂಜೆ ಇವುಗಳೊಡನೆ ಕಾದಾಡುವಂತೆಯೂ ಇಲ್ಲ, ಇವುಗಳಿಂದ ಓಡುವಂತೆಯೂ ಇಲ್ಲವಾದ್ದರಿಂದ ಬಿಗಿದ ಸ್ನಾಯು ಬಿಗಿದೇ ಉಳಿಯುತ್ತದೆ, ಮತ್ತು ಆ ಬಿಗಿತವನ್ನೇ ಅಪಾಯದ ಸೂಚನೆಯೆಂದು ಓದಿಕೊಳ್ಳುವ ಮಿದುಳು ಇನ್ನಷ್ಟು ಎಚ್ಚರಗೊಳ್ಳುತ್ತದೆ.

ಈ ಸುತ್ತನ್ನು ಸ್ನಾಯುವಿನ ಕಡೆಯಿಂದ ಕತ್ತರಿಸಬಹುದೆಂದು ವಾದಿಸಿದವನು ಷಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್. ಸಂಪೂರ್ಣವಾಗಿ ಸಡಿಲಗೊಂಡ ದೇಹದಲ್ಲಿ ಆತಂಕ ನಿಲ್ಲಲಾರದು ಎಂಬುದು ಆತನ ಸಿದ್ಧಾಂತ. 1929ರಲ್ಲಿ ಆತ ವೈದ್ಯರಿಗಾಗಿ ಬರೆದ ಗ್ರಂಥದಿಂದ ‘ಕ್ರಮಾನುಗತ ಸ್ನಾಯು ಶಿಥಿಲೀಕರಣ’ ಎಂಬ ವಿಧಾನ, ಅಂದರೆ ಒಂದಾದ ಮೇಲೊಂದರಂತೆ ಸ್ನಾಯುಗಳ ಗುಂಪುಗಳನ್ನು ಸಡಿಲಿಸುತ್ತ ಹೋಗುವ ಕ್ರಮ, ಪ್ರಚಾರಕ್ಕೆ ಬಂದಿತು. 1934ರಲ್ಲಿ ಸಾಮಾನ್ಯ ಓದುಗರಿಗಾಗಿ ಇನ್ನೊಂದು ಪುಸ್ತಕವೂ ಬಂದಿತು. ತಾನು ಸಡಿಲವಾಗಿದ್ದೇನೆಂದು ತಿಳಿದಿರುವ ಮನುಷ್ಯನ ಹಣೆಯಲ್ಲಿ, ದವಡೆಯಲ್ಲಿ, ಭುಜದಲ್ಲಿ ಬಿಗಿತ ಉಳಿದೇ ಇರುತ್ತದೆಂಬುದನ್ನು ಜೇಕಬ್‌ಸನ್ ಸ್ನಾಯುಗಳ ಸೂಕ್ಷ್ಮ ವಿದ್ಯುತ್ತನ್ನು ಅಳೆದು ತೋರಿಸಿದನು. ಹಾಗಾಗಿ ಬಿಗಿತವನ್ನು ಗುರುತಿಸಲು ಕಲಿಯುವುದೇ ಆತನ ಪಾಠದ ಮುಖ್ಯಭಾಗವಾಗಿದ್ದು, ‘ಕೈ ಭಾರವಾಗುತ್ತಿದೆ, ಮೈ ಹಗುರಾಗುತ್ತಿದೆ’ ಎಂದು ಪಿಸುಗುಟ್ಟಿ ಮರುಳು ಮಾಡುವ ಸಲಹೆಗಳನ್ನು ಆತ ಒಪ್ಪುತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಸಿಗುವ ಧ್ವನಿಮುದ್ರಿಕೆಗಳಲ್ಲಿ ಬಹುಪಾಲು ಇಂಥ ಪಿಸುಮಾತುಗಳೇ ತುಂಬಿಕೊಂಡಿರುವುದನ್ನು ನೋಡಿದರೆ, ಗುರುವಿನ ಈ ಎಚ್ಚರಿಕೆ ಶಿಷ್ಯಪರಂಪರೆಯನ್ನು ತಲುಪಿದಂತೆ ಕಾಣುವುದಿಲ್ಲ.

ಜೇಕಬ್‌ಸನ್ನನ ಮೂಲ ತರಬೇತಿ ತಿಂಗಳುಗಟ್ಟಲೆ ನಡೆಯುತ್ತಿದ್ದುದರಿಂದ ಮುಂದಿನವರು ಅದನ್ನು ಮೊಟಕುಗೊಳಿಸಿದರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬರ್ನ್‌ಸ್ಟೀನ್ ಮತ್ತು ಬೋರ್ಕೊವೆಕ್ 1973ರಲ್ಲಿ ಸಿದ್ಧಪಡಿಸಿದ ಕೈಪಿಡಿಯಲ್ಲಿ ದೇಹವನ್ನು 16 ಸ್ನಾಯುಗುಂಪುಗಳಾಗಿ ವಿಂಗಡಿಸಲಾಗಿದ್ದು, ಈಗ ಬಳಕೆಯಲ್ಲಿರುವುದು ಬಹುಮಟ್ಟಿಗೆ ಇದೇ ಕ್ರಮ. ಕುರ್ಚಿಗೆ ಒರಗಿ ಕುಳಿತು ಅಥವಾ ಚಾಪೆಯ ಮೇಲೆ ಅಂಗಾತ ಮಲಗಿ, ಬಲಗೈ ಮುಷ್ಟಿಯನ್ನು ಐದರಿಂದ ಏಳು ಸೆಕೆಂಡು ಬಿಗಿಹಿಡಿದು, ಮುಂಗೈಯಲ್ಲಿ ಆಗುವ ಸೆಳೆತವನ್ನು ಗಮನಿಸಿ, ಬಳಿಕ ಒಮ್ಮೆಲೇ ಬಿಟ್ಟುಬಿಡಬೇಕು. ಆಮೇಲೆ ಅರ್ಧ ನಿಮಿಷದಷ್ಟು ಹೊತ್ತು ಅದೇ ಜಾಗದಲ್ಲಿ ಗಮನವನ್ನಿಟ್ಟು, ಬಿಗಿದಾಗಿನ ಅನುಭವಕ್ಕೂ ಬಿಟ್ಟಾಗಿನ ಅನುಭವಕ್ಕೂ ಇರುವ ವ್ಯತ್ಯಾಸವನ್ನು ಅರಿಯಬೇಕು. ಹೀಗೆಯೇ ತೋಳು, ಎಡಗೈ, ಹಣೆ, ಕಣ್ಣು, ದವಡೆ, ಕುತ್ತಿಗೆ, ಭುಜ, ಎದೆ, ಹೊಟ್ಟೆ, ತೊಡೆ, ಮೀನಖಂಡ, ಪಾದಗಳವರೆಗೆ ಸಾಗುವ ಈ ಅಭ್ಯಾಸಕ್ಕೆ ಆರಂಭದಲ್ಲಿ ಇಪ್ಪತ್ತು ನಿಮಿಷವಾದರೂ ಬೇಕು. ಬಿಗಿಯುವುದರಲ್ಲಿ ಪೌರುಷ ತೋರಿಸಬೇಕಾಗಿಲ್ಲ, ಅನುಭವಕ್ಕೆ ಬರುವಷ್ಟು ಬಿಗಿದರೆ ಸಾಕು. ಅತಿಯಾದರೆ ಪಾದ ಮತ್ತು ಮೀನಖಂಡಗಳಲ್ಲಿ ಸ್ನಾಯು ಹಿಡಿದುಕೊಳ್ಳುತ್ತದೆ. ಕುತ್ತಿಗೆ ಅಥವಾ ಬೆನ್ನಿನ ತೊಂದರೆ ಇರುವವರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು ಆಯಾ ಭಾಗವನ್ನು ಬಿಗಿಯದೆ, ಬರಿದೆ ಸಡಿಲ ಬಿಡುವುದು ಕ್ಷೇಮ.

ಭಾರತೀಯ ಓದುಗರಿಗೆ ಇಲ್ಲಿ ಶವಾಸನ ನೆನಪಾಗುವುದು ಸಹಜ. 15ನೆಯ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿಯೇ ಉಕ್ತವಾದ ಈ ಆಸನವನ್ನು ಮುಂಬಯಿಯ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಕಲಿಸಿ, ಅದರ ಪರಿಣಾಮವನ್ನು 1969ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಶವಾಸನದಲ್ಲಿ ಬಿಗಿಯುವ ಕ್ರಿಯೆ ಇಲ್ಲ, ಗಮನವೊಂದೇ ಅಂಗದಿಂದ ಅಂಗಕ್ಕೆ ಚಲಿಸುತ್ತದೆ. ತಮ್ಮ ಮೈ ಬಿಗಿದಿದೆಯೆಂಬುದೇ ಅರಿವಿಗೆ ಬಾರದಷ್ಟು ಆತಂಕ ರೂಢಿಯಾಗಿರುವವರಿಗೆ ಬಿಗಿದು ಬಿಡುವ ಕ್ರಮವೇ ಮೊದಲ ಮೆಟ್ಟಿಲಾಗಿ ಅನುಕೂಲ. ಉಳಿದವರು ಯಾವುದನ್ನು ಆಯ್ದುಕೊಂಡರೂ ನಷ್ಟವಿಲ್ಲ. ಯೋಗದ ತರಗತಿಗಳಲ್ಲಿ ಶವಾಸನವನ್ನು ಕೊನೆಯ ಎರಡು ನಿಮಿಷಕ್ಕೆ ತಳ್ಳಿ, ಅಷ್ಟರಲ್ಲೇ ಚಾಪೆ ಸುತ್ತಿಕೊಳ್ಳುವ ಪರಿಪಾಠ ಮಾತ್ರ ಅದಕ್ಕೆ ಮಾಡುವ ಅನ್ಯಾಯವೇ ಸರಿ.

ದೇಹದಲ್ಲಿ ತಾನಾಗಿಯೇ ನಡೆಯುವ ಕೆಲಸಗಳಲ್ಲಿ ಮನುಷ್ಯನ ಇಚ್ಛೆಗೂ ಸುಲಭವಾಗಿ ಒಗ್ಗುವಂಥದು ಉಸಿರಾಟ. ಹೃದಯಕ್ಕೆ ‘ನಿಧಾನವಾಗು’ ಎಂದರೆ ಅದು ಕೇಳುವುದಿಲ್ಲ, ಆದರೆ ಉಸಿರು ಕೇಳುತ್ತದೆ, ಮತ್ತು ಉಸಿರಿನ ಮಾತನ್ನು ಹೃದಯ ಸ್ವಲ್ಪಮಟ್ಟಿಗೆ ಕೇಳುತ್ತದೆ. ಉಸಿರನ್ನು ಒಳಗೆ ಎಳೆದುಕೊಂಡಾಗ ನಾಡಿ ತುಸು ಚುರುಕಾಗಿ, ಹೊರಬಿಟ್ಟಾಗ ನಿಧಾನವಾಗುವುದು ಆರೋಗ್ಯವಂತರಲ್ಲಿ ಕಾಣುವ ಸಹಜ ವ್ಯವಸ್ಥೆ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಹಬ್ಬುವ ವೇಗಸ್ ಎಂಬ ಪರಾನುವೇದಕ ನರದ ಪ್ರಭಾವ ನಿಶ್ವಾಸದ ಹೊತ್ತಿನಲ್ಲಿ ಹೆಚ್ಚುವುದೇ ಇದಕ್ಕೆ ಕಾರಣ. ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತರಷ್ಟಿರುವ ಉಸಿರನ್ನು ಆರಕ್ಕೆ ಇಳಿಸಿದಾಗ, ಸುಮಾರು ಹತ್ತು ಸೆಕೆಂಡಿಗೊಮ್ಮೆ ಸಹಜವಾಗಿಯೇ ಏರಿಳಿಯುವ ರಕ್ತದೊತ್ತಡದ ಅಲೆಯೊಂದಿಗೆ ಅದು ತಾಳ ಹೊಂದಿಕೊಳ್ಳುತ್ತದೆ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲೂಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಆರೋಗ್ಯವಂತರು ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ, ‘ಓಂ ಮಣಿ ಪದ್ಮೇ ಹುಂ’ ಎಂಬ ಬೌದ್ಧ ಮಂತ್ರವನ್ನೂ ಪಠಿಸಿದಾಗ, ಎರಡರಲ್ಲಿಯೂ ಅವರ ಉಸಿರು ತಾನಾಗಿಯೇ ನಿಮಿಷಕ್ಕೆ ಆರರ ಆಸುಪಾಸಿಗೆ ಬಂದಿತ್ತು. ಸಂಜೆ ದೀಪ ಹಚ್ಚಿ ಭಜನೆ ಹಾಡುವವರಿಗೂ, ಯಾವ ಪೂಜೆಯನ್ನೂ ಒಪ್ಪದ ನಾಸ್ತಿಕರಿಗೂ ಈ ಫಲ ಸಮಾನವಾಗಿ ದೊರಕುವಂಥದು, ಏಕೆಂದರೆ ಕೆಲಸ ಮಾಡುವುದು ಲಯ.

ಆದರೆ ‘ದೀರ್ಘವಾಗಿ ಉಸಿರೆಳೆದುಕೋ’ ಎಂಬ ಜನಪ್ರಿಯ ಸಲಹೆಯಲ್ಲೊಂದು ಅಪಾಯವಿದೆ. ಗಾಬರಿಯಾದವರು ಆಗಲೇ ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮಿದುಳಿನ ರಕ್ತನಾಳಗಳು ಕಿರಿದಾಗಿ, ತಲೆ ತಿರುಗಿದಂತಾಗುವುದು, ಬೆರಳ ತುದಿ ಮತ್ತು ತುಟಿಗಳು ಜುಮ್ಮೆನ್ನುವುದು, ಗಾಳಿಯೇ ಸಾಲದೆನ್ನಿಸುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ಇಂಥವರು ಎದೆಯುಬ್ಬಿಸಿ ಇನ್ನಷ್ಟು ಗಾಳಿ ಎಳೆದುಕೊಂಡರೆ ಲಕ್ಷಣಗಳು ಉಲ್ಬಣಿಸುತ್ತವೆಯೇ ಹೊರತು ತಗ್ಗುವುದಿಲ್ಲ. ಬೇಕಾಗಿರುವುದು ಹೆಚ್ಚು ಉಸಿರಲ್ಲ, ನಿಧಾನದ ಉಸಿರು: ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ಹೊತ್ತು ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಹೊರಬಿಡುವುದು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರೆ, ಎದೆಗೂ ಹೊಟ್ಟೆಗೂ ನಡುವಿನ ತೆಳುಸ್ನಾಯುವಾದ ವಪೆ ಕೆಳಗಿಳಿದಾಗ ಕೈ ಏಳುವುದೂ, ಮೇಲೇರಿದಾಗ ಕೈ ಇಳಿಯುವುದೂ ತಿಳಿಯುತ್ತದೆ. ಹಿಂದೆ ಹೇಳುತ್ತಿದ್ದಂತೆ ಕಾಗದದ ಚೀಲದೊಳಗೆ ಉಸಿರಾಡುವ ಉಪಾಯವನ್ನು ಮಾತ್ರ ಈಗ ವೈದ್ಯರು ಬೇಡವೆನ್ನುತ್ತಾರೆ. ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು.

ಚಾಪೆಯ ಮೇಲೆ ಮಲಗಿ ಪಡೆದ ಶಾಂತಿ ಕಚೇರಿಯ ಸಭೆಯಲ್ಲಿ ಒದಗುವುದು ಹೇಗೆ ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಕೊಟ್ಟವನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್. 1987ರಲ್ಲಿ ಆತ ವಿವರಿಸಿದ ‘ಅನ್ವಯಿಕ ಶಿಥಿಲೀಕರಣ’ವು ಇಪ್ಪತ್ತು ನಿಮಿಷದ ಅಭ್ಯಾಸವನ್ನು ಹಂತಹಂತವಾಗಿ ಅರ್ಧ ನಿಮಿಷಕ್ಕೆ ಇಳಿಸುತ್ತದೆ. ಮೊದಲು ಆತಂಕದ ಮೊಳಕೆಯನ್ನು, ಅಂದರೆ ಹೊಟ್ಟೆಯ ತಳಮಳವೋ ಭುಜದ ಬಿಗಿತವೋ ಅವರವರಲ್ಲಿ ಮೊದಲು ಕಾಣಿಸುವ ಲಕ್ಷಣವನ್ನು, ಗುರುತಿಸಲು ಕಲಿಯಬೇಕು. ಬಳಿಕ ಬಿಗಿದು ಬಿಡುವುದು, ಅದು ಕೈವಶವಾದ ಮೇಲೆ ಬಿಗಿಯದೆಯೇ ಬಿಡುವುದು. ಆಮೇಲೆ ನಿಶ್ವಾಸದೊಡನೆ ‘ಸಡಿಲ’ ಎಂಬಂಥ ಒಂದು ಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಆ ಪದದ ಬೆನ್ನಿಗೇ ಮೈ ಸಡಿಲವಾಗುವಂತೆ ರೂಢಿಸಿಕೊಳ್ಳುವುದು. ಇದರ ಮುಂದಿನ ಹಂತ ದಿನನಿತ್ಯದ ಬದುಕಿಗೆ ಬಹಳ ಹತ್ತಿರವಾದುದು: ಕೆಲಸಕ್ಕೆ ಬೇಕಾದ ಸ್ನಾಯುಗಳನ್ನಷ್ಟೇ ದುಡಿಸಿ ಉಳಿದವನ್ನು ಸುಮ್ಮನಿರಿಸುವುದು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರ್ ಸವಾರನಿಗೆ ಹ್ಯಾಂಡಲ್ ಹಿಡಿಯಲು ಕೈ ಬೇಕು, ಹಲ್ಲು ಕಚ್ಚುವ ಅಗತ್ಯವಿಲ್ಲ. ತರಕಾರಿ ಹೆಚ್ಚುವಾಗ ಭುಜ ಕಿವಿಯವರೆಗೆ ಏರಬೇಕಾಗಿಲ್ಲ. ಗೋಡೆಯ ಗಡಿಯಾರ, ಮೊಬೈಲಿನ ಗಂಟೆ ಮುಂತಾದ, ದಿನದಲ್ಲಿ ಹಲವು ಸಲ ಕಣ್ಣಿಗೋ ಕಿವಿಗೋ ಬೀಳುವ ವಸ್ತುವನ್ನು ಗುರುತಾಗಿಟ್ಟುಕೊಂಡು, ಅದು ಎದುರಾದಾಗಲೆಲ್ಲ ಎರಡು ನಿಧಾನದ ಉಸಿರು ಬಿಟ್ಟು, ಮೈಯಲ್ಲಿ ಎಲ್ಲಿ ಬಿಗಿತವಿದೆಯೆಂದು ನೋಡಿ ಬಿಡಿಸಿಕೊಳ್ಳುವುದು ಓಸ್ಟ್ ಸೂಚಿಸಿದ ಅಭ್ಯಾಸ. ಎಲ್ಲ ಹಂತಗಳಿಗೂ ಸೇರಿ ಹತ್ತು ಹನ್ನೆರಡು ವಾರ ಬೇಕಾಗುತ್ತದೆ, ಅದಕ್ಕಿಂತ ಬೇಗ ಫಲ ಕೊಡುವೆನೆನ್ನುವ ಆ್ಯಪುಗಳನ್ನು ನಂಬಬೇಕಾಗಿಲ್ಲ.

ಎಲ್ಲ ಬಗೆಯ ಭಯಕ್ಕೂ ಇದೇ ಮದ್ದೆಂದು ಭಾವಿಸುವುದು ತಪ್ಪು. ರಕ್ತ ಅಥವಾ ಸೂಜಿಯನ್ನು ಕಂಡರೆ ತಲೆಸುತ್ತಿ ಬೀಳುವವರಲ್ಲಿ ರಕ್ತದೊತ್ತಡ ತಟ್ಟನೆ ಕುಸಿಯುವುದರಿಂದ, ಅಂಥವರಿಗೆ ಅದೇ ಓಸ್ಟ್ ತೀರ ವಿರುದ್ಧವಾದ ಚಿಕಿತ್ಸೆಯನ್ನು, ಅಂದರೆ ಕೈಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದು ರಕ್ತದೊತ್ತಡವನ್ನು ಏರಿಸಿಕೊಳ್ಳುವುದನ್ನು, ಕಲಿಸಿದನು. ಕೈ ತೊಳೆದಷ್ಟೂ ತೃಪ್ತಿಯಾಗದ, ಬೀಗ ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಬೇಕೆನ್ನಿಸುವ ಗೀಳು ಕಾಯಿಲೆಯಲ್ಲಿ ಶಿಥಿಲೀಕರಣದ ಪಾತ್ರ ಅತ್ಯಲ್ಪ. ಅದಕ್ಕೆ ಬೇರೆಯದೇ ಚಿಕಿತ್ಸೆಯಿದೆ. ಇನ್ನು ಕೆಲವರಲ್ಲಿ ಕಣ್ಣು ಮುಚ್ಚಿ ಸಡಿಲಗೊಳ್ಳಲು ಹೊರಟಾಗಲೇ ಆತಂಕ ಹೆಚ್ಚುವುದುಂಟು. ಹಿಂಸೆಗೆ, ಅಪಘಾತಕ್ಕೆ ತುತ್ತಾದವರಲ್ಲಿ ಹಳೆಯ ನೆನಪುಗಳು ಆ ಮೌನದಲ್ಲಿ ನುಗ್ಗಿ ಬರಬಹುದಾದ್ದರಿಂದ, ಅವರು ಕಣ್ಣು ತೆರೆದು, ಕುಳಿತೇ, ಅಲ್ಪಕಾಲ ಅಭ್ಯಾಸ ಮಾಡುವುದು ಅಥವಾ ನಡಿಗೆಯನ್ನು ಆಯ್ದುಕೊಳ್ಳುವುದು ಒಳ್ಳೆಯದು. ಆತಂಕವನ್ನು ಸಂಪೂರ್ಣವಾಗಿ ಓಡಿಸಿಯೇ ತೀರಬೇಕೆಂಬ ಹಟದಿಂದ, ಪ್ರತಿ ನಿಮಿಷವೂ ‘ಕಡಿಮೆಯಾಯಿತೇ?’ ಎಂದು ನಾಡಿ ಹಿಡಿದು ನೋಡಿಕೊಳ್ಳುವವರಿಗೂ ಈ ವಿದ್ಯೆ ಒಲಿಯುವುದಿಲ್ಲ. ಹಾಗೆಯೇ ದಿನಕ್ಕೆ ಐದಾರು ಲೋಟ ಫಿಲ್ಟರ್ ಕಾಫಿ ಕುಡಿದು ಎದೆಬಡಿತದ ಬಗ್ಗೆ ದೂರುವವರು ಮೊದಲು ಕಾಫಿಯನ್ನು ಕ್ರಮೇಣ ತಗ್ಗಿಸುವುದು ಲೇಸು; ಒಮ್ಮೆಗೇ ಬಿಟ್ಟರೆ ತಲೆನೋವು ಬರುತ್ತದೆ.

ಎದೆನೋವು, ಉಸಿರುಕಟ್ಟುವಿಕೆ ಮೊದಲ ಸಲ ಕಾಣಿಸಿಕೊಂಡಾಗ ಅದನ್ನು ಆತಂಕವೆಂದು ತಾವಾಗಿಯೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯೂ ಆತಂಕದಂತೆಯೇ ತೋರುವುದರಿಂದ ರಕ್ತಪರೀಕ್ಷೆ ಅಗತ್ಯವಾಗಬಹುದು. ವಾರಗಟ್ಟಲೆ ನಿದ್ದೆ ಕೆಟ್ಟು, ಕೆಲಸ ಅಥವಾ ಓದು ನಿಂತುಹೋಗಿ, ಬದುಕೇ ಬೇಡವೆನ್ನಿಸುತ್ತಿದ್ದರೆ ಉಸಿರಾಟದ ಅಭ್ಯಾಸವನ್ನು ನೆಚ್ಚಿಕೊಂಡು ಕಾಲ ಕಳೆಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿದ್ದು, ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಅಲ್ಲಿಯವರೆಗೆ ಹೋಗಲು ಸಂಕೋಚವಿರುವವರು, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಈ ಸೇವೆ ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ.