ಭಾರಿ ಮೋಟಾರ್ ಸೈಕಲ್ ಕೊಂಡವರಿಗೆ

ದೂರ ಪ್ರಯಾಣಕ್ಕೆ ಹೆಸರಾದ ಹೋಂಡಾ ಗೋಲ್ಡ್ ವಿಂಗ್ ಮೊದಲು ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಆಗ ಅದರದು ನಾಲ್ಕು ಸಿಲಿಂಡರುಗಳ 999 ಸಿ.ಸಿ. ಎಂಜಿನು. ಇಂದಿನದು ಆರು ಸಿಲಿಂಡರುಗಳ 1,833 ಸಿ.ಸಿ.ಯದು, ತೂಕ 350 ಕಿಲೋಗ್ರಾಮಿಗೂ ಹೆಚ್ಚು. ಹೆದ್ದಾರಿಯಲ್ಲಿ ಈ ಭಾರವೇ ಸವಾರನಿಗೆ ನೆಮ್ಮದಿ. ಹೊಸಬರಿಗೆ ತೊಡಕಾಗುವುದು ನಿಲ್ಲುವ ಗಳಿಗೆಯಲ್ಲಿ.

ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಥಟ್ಟನೆ ಅದುಮಿದರೆ ವಾಹನ ಪಕ್ಕಕ್ಕೆ ವಾಲುತ್ತದೆ. ಮಿತಿಮೀರಿ ವಾಲಿದುದನ್ನು ತಡೆಯಲು ಯಾರ ತೋಳಿಗೂ ಬಲ ಸಾಲದು. ಹೆಣಗಿದವರ ಬೆನ್ನಿಗೂ ಕಾಲಿಗೂ ಪೆಟ್ಟು. ಆಗ ವಾಹನವನ್ನು ಬಿಟ್ಟು ಸರಿದುಕೊಳ್ಳುವುದೇ ಜಾಣತನ. ಆದುದರಿಂದ ನಿಲ್ಲುವ ಮುನ್ನ ಹ್ಯಾಂಡಲನ್ನು ನೇರಮಾಡಿ, ಬ್ರೇಕನ್ನು ಮೃದುವಾಗಿ ಬಳಸಿರಿ.

ಮೊದಲ ಕೆಲವು ದಿನ ಖಾಲಿ ಮೈದಾನದಲ್ಲಿ ಒಬ್ಬರೇ ಅಭ್ಯಾಸ ಮಾಡಿರಿ: ನಿಧಾನವಾಗಿ ಹೊರಡುವುದು, ತಿರುಗುವುದು, ನಿಲ್ಲುವುದು. ತಿರುವಿನಲ್ಲಿ ನೋಟ ಹೋಗಬೇಕಾದ ದಾರಿಯ ಮೇಲಿರಲಿ. ಸಾಮಾನನ್ನು ಎರಡೂ ಪಕ್ಕದ ಪೆಟ್ಟಿಗೆಗಳಿಗೆ ಸಮನಾಗಿ ಹಂಚಿ, ಭಾರವಾದುದನ್ನು ತಳದಲ್ಲಿಡಿರಿ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಪರೀಕ್ಷಿಸಬೇಕು.

ಮನೆಯಾಕೆ ಹಿಂದೆ ಹತ್ತುವುದು, ಇಳಿಯುವುದು ಸವಾರ ಎರಡೂ ಕಾಲೂರಿ 'ಹೂಂ' ಎಂದ ಮೇಲೆಯೇ. ಹಲವು ಗೋಲ್ಡ್ ವಿಂಗ್‌ಗಳಲ್ಲಿ ಹಿಂದಕ್ಕೆ ಸರಿಸುವ ಏರ್ಪಾಡಿದೆ. ಆದರೂ ಅದನ್ನೇ ನಂಬಿ ಇಕ್ಕಟ್ಟಿನಲ್ಲಿ ನಿಲ್ಲಿಸದಿರುವುದು ಲೇಸು. ಹೀಗೆ ತಾಳ್ಮೆಯಿಂದ ಕೈ ಪಳಗಿಸಿಕೊಂಡವರ ಹಿಂದೆ ಮನೆಯವರೂ ನಿಶ್ಚಿಂತೆಯಿಂದ ಕುಳಿತಾರು.